ಫರಸಿಗೆ ಕಲಿತ ಪದ್ಧತಿ ಪೋರ್ಸಲಿನ್ ಟೈಲ್ಸಿಗೆ ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ಏರಿದಂತೆಲ್ಲ ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಹಾಕಿಸಿ ಎರಡು ಮೂರು ವರ್ಷ ಕಳೆಯುವುದರೊಳಗೆ ಪಡಸಾಲೆಯ ಟೈಲ್ಸು ಪಟಪಟ ಸದ್ದು ಮಾಡಿ, ಅಕ್ಕಪಕ್ಕದ ಎರಡು ಸಾಲು ಒಂದಕ್ಕೊಂದು ತಲೆ ಆನಿಸಿಕೊಂಡು ಡೇರೆಯ ಹಾಗೆ ಎದ್ದು ನಿಲ್ಲುತ್ತವೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ನಡುಗಿದ್ದು ನೆನಪಿರುವವರು ರಾತ್ರಿ ಹೊತ್ತು ಆ ಸದ್ದು ಕೇಳಿ ಹೊರಗೆ ಓಡಿದರೆ ಆಶ್ಚರ್ಯವಿಲ್ಲ. ಮಾಲು ಕಳಪೆ ಎನ್ನುತ್ತಾರೆ ಮನೆಯವರು. ಗೌಂಡಿ ಕೆಲಸ ಕೆಡಿಸಿದ ಎನ್ನುತ್ತಾರೆ ಅಂಗಡಿಯವರು. ನೆಲವೇ ಸರಿಯಿಲ್ಲ ಎನ್ನುತ್ತಾನೆ ಗೌಂಡಿ. ಎದ್ದ ಟೈಲನ್ನು ಎತ್ತಿ ಅದರ ಬೆನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ: ಬೆನ್ನಿಗೆ ಸಿಮೆಂಟು ಅಂಟಿಯೇ ಇರುವುದಿಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಸ್ವಚ್ಛವಾಗಿರುತ್ತದೆ.

ಈಗ ಇನ್ನೊಂದು ಬೆಳವಣಿಗೆ ಸೇರಿಕೊಂಡಿದೆ. ಕೈ ನುರಿತ ಗೌಂಡಿಗಳು ಪುಣೆ, ಹೈದರಾಬಾದ್, ಬೆಂಗಳೂರಿನ ಕೆಲಸಕ್ಕೆ ಹೋಗುವುದರಿಂದ ಊರಲ್ಲಿ ಸಮಯಕ್ಕೆ ಜನ ಸಿಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ಒಂದೆರಡು ಕೋಣೆಗೆ ತಾವೇ ಟೈಲ್ಸ್ ಹಾಕಲು ಹೊರಡುವ ಮನೆಯವರು ಹೆಚ್ಚುತ್ತಿದ್ದಾರೆ. ಇದು ಒಳ್ಳೆಯದೇ. ತಾಳ್ಮೆ ಇದ್ದವರು ಮಾಡಬಹುದಾದ ಕೆಲಸ ಇದು. ಆದರೆ ಆ ವಿಡಿಯೊಗಳಲ್ಲಿ ಹೆಚ್ಚಿನವು ತಂಪು ದೇಶಗಳವು. ಅಲ್ಲಿ ನೆಲಕ್ಕೆ ಹಲಗೆ ಬಡಿದಿರುತ್ತಾರೆ, ಕೋಣೆಯೊಳಗೆ 20 ಡಿಗ್ರಿ ಇರುತ್ತದೆ. ನಮ್ಮಲ್ಲಿ ನೆಲದ ಕೆಳಗೆ ಎರೆ ಮಣ್ಣು, ತಲೆಯ ಮೇಲೆ 43 ಡಿಗ್ರಿ ಬಿಸಿಲು. ಅಲ್ಲಿನ ಪದ್ಧತಿ ಹಾಗೇ ಇಳಿಸಿದರೂ ಕೆಡುತ್ತದೆ, ನಮ್ಮ ಹಳೆಯ ಫರಸಿ, ಅಂದರೆ ಶಹಾಬಾದ್ ಕಲ್ಲಿನ ನೆಲಹಾಸು, ಹಾಕುವ ಪದ್ಧತಿ ಹಾಗೇ ಮುಂದುವರಿಸಿದರೂ ಕೆಡುತ್ತದೆ. ಹಾಗಾಗಿ ಈ ಪತ್ರ.

ಮೊದಲು ಫರಸಿಯ ಮಾತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ನೀರು ಕುಡಿಯುವ ಕಲ್ಲು. ಉಸುಕು-ಸಿಮೆಂಟಿನ ಹಾಸು ಹಾಕಿ, ಮೇಲೆ ಸಿಮೆಂಟ್ ಹಾಲು ಸುರಿದು, ಒದ್ದೆ ಕಲ್ಲನ್ನು ಕೂಡಿಸಿ ಗುದ್ದಿದರೆ ಕಲ್ಲಿನ ಉರುಟು ಬೆನ್ನು ಆ ಹಾಲನ್ನು ಹೀರಿಕೊಂಡು ಹಿಡಿಯುತ್ತದೆ. ತಲೆಮಾರುಗಳಿಂದ ನಮ್ಮ ಗೌಂಡಿಗಳ ಕೈ ಪಳಗಿದ್ದು ಈ ಕೆಲಸದಲ್ಲಿ, ಮತ್ತು ಆ ಕಲ್ಲಿಗೆ ಅದು ಸರಿಯಾದ ಪದ್ಧತಿ. ಪೋರ್ಸಲಿನ್ ಬೇರೆ ಜಾತಿ. ಅಂಗಡಿಯಲ್ಲಿ ವಿಟ್ರಿಫೈಡ್ ಎಂದು ಕರೆಯುವುದೂ ಇದೇ ಬಳಗದ್ದು. 1,200 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟು ಅದನ್ನು ಗಾಜಿನಷ್ಟು ಗಟ್ಟಿ ಮಾಡಿರುತ್ತಾರೆ. ತನ್ನ ತೂಕದ ನೂರಕ್ಕೆ 0.5 ಪಾಲಿಗಿಂತ ಹೆಚ್ಚು ನೀರು ಅದು ಹೀರುವುದಿಲ್ಲ. ಹೀರದ ಬೆನ್ನಿಗೆ ಸಿಮೆಂಟ್ ಹಾಲು ಹಿಡಿಯುವುದು ಹೇಗೆ? ಒಣಗಿದ ಮೇಲೆ ಟೈಲು ಹಾಸಿನ ಮೇಲೆ ಸುಮ್ಮನೆ ಕೂತಿರುತ್ತದೆ ಅಷ್ಟೆ. ಅದನ್ನು ರಾತ್ರಿಯಿಡೀ ಹೌದಿನಲ್ಲಿ ನೆನೆಹಾಕುವ ರೂಢಿಯೂ ವ್ಯರ್ಥ. ನೆನೆಹಾಕುವುದು ಗೋಡೆಯ ಸಾದಾ ಸೆರಾಮಿಕ್ ಟೈಲ್ಸಿಗೆ ಹುಟ್ಟಿದ ಪದ್ಧತಿ. ಪೋರ್ಸಲಿನ್ ನೆನೆಯುವುದಿಲ್ಲ, ಬೆನ್ನ ಮೇಲೆ ನೀರಿನ ಪೊರೆ ನಿಂತು ಅಂಟಿಗೆ ಅಡ್ಡವಾಗುತ್ತದೆ.

ತಂದಿರುವುದು ಪೋರ್ಸಲಿನ್ನೇ ಎಂದು ತಿಳಿಯಲು ಟೈಲನ್ನು ಬೋರಲು ಹಾಕಿ ಬೆನ್ನಿಗೆ ಎರಡು ಹನಿ ನೀರು ಬಿಡಿ. ಸೆರಾಮಿಕ್ ಆದರೆ ಹನಿ ನೋಡನೋಡುತ್ತ ಇಂಗಿ ಕಲೆ ಉಳಿಯುತ್ತದೆ. ಪೋರ್ಸಲಿನ್ ಮೇಲೆ ಹನಿ ಮುತ್ತಿನಂತೆ ನಿಲ್ಲುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಗುರುತೂ ಇರುವುದಿಲ್ಲ.

ಖರೀದಿಯಲ್ಲಿ ಹೆಚ್ಚು ಜನ ಎಡವುವುದು ಲೆಕ್ಕದಲ್ಲಿ. "ಎರಡು ಬೈ ಎರಡು" ಎಂದು ಕೊಡುವ ಟೈಲು ನಿಜವಾಗಿ 600 ಮಿ.ಮೀ., ಎರಡು ಅಡಿ ಎಂದರೆ 610. ಹಾಗಾಗಿ 12 ಅಡಿ ಅಗಲದ ಕೋಣೆಗೆ ಆರು ಟೈಲು ಸರಿಹೋಗುವುದಿಲ್ಲ. ಗೋಡೆಗೆ ಎರಡೂ ಕಡೆ 8 ಮಿ.ಮೀ. ಸಂದಿ, ಟೈಲುಗಳ ನಡುವೆ 2 ಮಿ.ಮೀ. ಸಂದಿ ಬಿಟ್ಟರೂ ಕೊನೆಗೆ 30 ಮಿ.ಮೀ. ಚೂರು ಉಳಿಯುತ್ತದೆ. ಅಷ್ಟು ಸಣ್ಣ ಪಟ್ಟಿ ಕತ್ತರಿಸುವಾಗಲೇ ಒಡೆಯುತ್ತದೆ, ಕಣ್ಣಿಗೂ ಚೆನ್ನಾಗಿರುವುದಿಲ್ಲ. ನಡುವೆ ಐದು ಪೂರ್ತಿ ಟೈಲು, ಎರಡು ಬದಿಗೆ 315 ಮಿ.ಮೀ.ನ ಕತ್ತರಿಸಿದ ಟೈಲು ಎಂದು ಹೊಂದಿಸಿದರೆ ಎರಡೂ ಕಡೆ ಸಮ ಬರುತ್ತದೆ. 14 ಅಡಿ ಉದ್ದಕ್ಕೂ ಇದೇ ಕಥೆ: ಆರು ಪೂರ್ತಿ, ಎರಡು ಬದಿಗೆ 318ರ ತುಂಡು. ಅಂದರೆ 7 ಟೈಲಿನ 8 ಸಾಲು, ಒಟ್ಟು 56 ಟೈಲು. ಒಂದು ಬಾಕ್ಸಿನಲ್ಲಿ 4 ಇರುವುದರಿಂದ 14 ಬಾಕ್ಸ್ ಬೇಕು. ಚದರ ಅಡಿ ಲೆಕ್ಕ ಹಿಡಿದು 168ಕ್ಕೆ ನೂರಕ್ಕೆ 10 ಸೇರಿಸಿದರೆ 12 ಬಾಕ್ಸ್ ಸಾಕು ಎನ್ನಿಸುತ್ತದೆ. ಕೊನೆಯ ದಿನ ಎರಡು ಬಾಕ್ಸ್ ಕಡಿಮೆ ಬಿದ್ದು ಅಂಗಡಿಗೆ ಓಡಿದರೆ ಅದೇ ಶೇಡ್ ಸಿಗುವುದಿಲ್ಲ. ಆದ್ದರಿಂದ ಕೋಣೆಯನ್ನು ಕಾಗದದ ಮೇಲೆ ಬರೆದು, ಸಾಲು ಎಣಿಸಿ ಕೊಳ್ಳಿ. ಮುಂದೆ ರಿಪೇರಿಗೆ ಬೇಕಾಗುತ್ತದೆ, ಒಂದು ಬಾಕ್ಸ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಎಲ್ಲ ಬಾಕ್ಸಿನ ಮೇಲೂ ಶೇಡ್ ನಂಬರು, ಬ್ಯಾಚ್ ನಂಬರು, ಅಳತೆಯ ಗುರುತು ಒಂದೇ ಇದೆಯೇ ಎಂದು ಗಾಡಿಯಿಂದ ಇಳಿಸುವಾಗಲೇ ನೋಡಬೇಕು. ಗುಜರಾತಿನ ಮೋರ್ಬಿಯಿಂದ ಬರುವ ಮಾಲಿನಲ್ಲಿ ಡಿಸೈನ್ ಹೆಸರು ಒಂದೇ ಇದ್ದರೂ ಬ್ಯಾಚ್ ಬದಲಾದರೆ ಬಣ್ಣದಲ್ಲೂ ಅಳತೆಯಲ್ಲೂ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ನೆಲದ ಮೇಲೆ ಅದು ಎದ್ದು ಕಾಣುತ್ತದೆ.

ಇನ್ನು ನೆಲ. ಇದರ ಬಗ್ಗೆ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ತೊಗರಿ ಬೆಳೆಯುವ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಪಾಯ ತೆಗೆದಾಗ ಬಂದ ಅದೇ ಮಣ್ಣನ್ನು ಕೋಣೆಗಳೊಳಗೆ ತುಂಬಿ, ಮೇಲೆ ತೆಳ್ಳಗೆ ಕಾಂಕ್ರೀಟ್ ಎಳೆದಿರುವ ಮನೆಗಳು ಸಾಕಷ್ಟಿವೆ. ಅಂಥ ನೆಲದ ಮೇಲೆ ಯಾವ ಅಂಟೂ ನಿಲ್ಲದು. ಕೆಳಮಹಡಿಯ ನೆಲದಲ್ಲಿ ಬಿರುಕು ಇದ್ದರೆ ಅದರ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೆ ಸಿಮೆಂಟ್ ಹಚ್ಚಿ ಕೂಡಿಸಿ, ಒಂದು ಮಳೆಗಾಲ ಒಂದು ಬೇಸಿಗೆ ಕಾಯಿರಿ. ಗಾಜು ಒಡೆದರೆ ನೆಲ ಇನ್ನೂ ಆಡುತ್ತಿದೆ. ಆಗ ಮಾಡಬೇಕಾದ್ದು ಟೈಲ್ಸ್ ಕೆಲಸವಲ್ಲ. ಎರೆ ಮಣ್ಣು ತೆಗೆದು, ಮುರುಂ ತುಂಬಿ, ಆರು ಆರು ಇಂಚಿನ ಪದರಕ್ಕೆ ನೀರು ಹೊಡೆದು ಧಮ್ಮಸು ಮಾಡಿ, 4 ಇಂಚು ಕಾಂಕ್ರೀಟ್ ಹಾಕಬೇಕು. ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತಿರುವ ಬೀದರ್ ಪಟ್ಟಣದವರಿಗೆ ಈ ಕಾಟ ಕಡಿಮೆ. ಕಾಂಕ್ರೀಟಿಗೆ 28 ದಿನ ತುಂಬುವ ಮೊದಲು ಟೈಲು ಬೇಡ. ಹಸಿ ಕಾಂಕ್ರೀಟು ಒಣಗುತ್ತಾ ಮೀಟರಿಗೆ 0.3ರಿಂದ 0.5 ಮಿ.ಮೀ.ವರೆಗೆ ಕುಗ್ಗುತ್ತದೆ. ಆ ಕುಗ್ಗುವಿಕೆಯ ಬಹುಪಾಲು ಟೈಲು ಹಾಕುವ ಮೊದಲೇ ಆಗಿಹೋದಷ್ಟೂ ಒಳ್ಳೆಯದು.

ಹಳೆಯ ಫರಸಿಯ ಮೇಲೇ ಟೈಲು ಹಾಕಬಹುದೇ ಎಂದು ಕೇಳುವವರು ಬಹಳ. ಹಾಕಬಹುದು, ಆದರೆ ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಇರಲಿ. ಪೊಳ್ಳು ಸದ್ದು ಬಂದರೆ, ಕಾಲಿಟ್ಟಾಗ ಅಲುಗಾಡಿದರೆ ಆ ಕಲ್ಲನ್ನು ಕಿತ್ತು ಗಾರೆ ತುಂಬಿ. ವರ್ಷಗಟ್ಟಲೆ ಒರೆಸಿ ಒರೆಸಿ ನುಣುಪಾದ, ಎಣ್ಣೆ ಇಂಗಿದ ಕಲ್ಲಿನ ಮೇಲ್ಮೈಯನ್ನು ಗ್ರೈಂಡರಿನಿಂದ ಉರುಟು ಮಾಡಿ, ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಬಳಿದ ಮೇಲೆ ಅಂಟು. ಒಂದು ಮಾತು ಬಿಚ್ಚಿ ಹೇಳುವುದಾದರೆ, ಫರಸಿ ಗಟ್ಟಿಯಾಗಿದ್ದರೆ ಅದಕ್ಕೆ ಪಾಲಿಶ್ ಮಾಡಿಸಿ ಇಟ್ಟುಕೊಳ್ಳುವುದೇ ಜಾಣತನ. ಮೇ ತಿಂಗಳ ಮಧ್ಯಾಹ್ನ ಬರಿಗಾಲಿಗೆ ಆ ಕಲ್ಲು ಕೊಡುವ ತಂಪು ಹೊಳೆಯುವ ಟೈಲಿನಿಂದ ಬರುವುದಿಲ್ಲ.

ಆರು ಅಡಿಯ ನೇರ ಅಲ್ಯುಮಿನಿಯಂ ಪಟ್ಟಿಯನ್ನು ನೆಲದ ಮೇಲೆ ನಾಲ್ಕೂ ದಿಕ್ಕಿಗೆ ಇಟ್ಟು ನೋಡಿ. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ, ಅಂದರೆ ಗೌಂಡಿಗಳ ಲೆಕ್ಕದ ಒಂದು ಸೂತಕ್ಕಿಂತ ಹೆಚ್ಚು ಬೆಳಕು ಕಂಡರೆ ತಗ್ಗನ್ನು ಮೊದಲು ತುಂಬಿ, ಉಬ್ಬನ್ನು ಕೆತ್ತಿ. ತಗ್ಗು ಮುಚ್ಚಲು ಅಂಟನ್ನೇ ದಪ್ಪ ಹಾಕಿದರೆ ಅದು ಒಣಗುವಾಗ ಜಗ್ಗಿ ಟೈಲಿನ ಮೂಲೆ ತಗ್ಗುತ್ತದೆ. ಟೈಲು 9 ಮಿ.ಮೀ., ಅಂಟು 5 ಮಿ.ಮೀ., ಒಟ್ಟು ಅರ್ಧ ಇಂಚಿಗೂ ಹೆಚ್ಚು ನೆಲ ಏರುತ್ತದೆ. ಬಾಗಿಲಿನ ರೆಕ್ಕೆ ಅಡಿಯಲ್ಲಿ ಅಷ್ಟು ಜಾಗ ಇದೆಯೇ, ಬಚ್ಚಲಿನ ಹೊಸ್ತಿಲು ಕೆಳಗಾಗುತ್ತದೆಯೇ ಎಂದು ಈಗಲೇ ನೋಡಬೇಕು.

ಗುಣ್ಯಾ, ಅಂದರೆ ಮೂಲೆಯ ಲಂಬಕೋನ, ಹಿಡಿಯದೆ ಟೈಲು ಹಾಕಿದರೆ ಕೊನೆಯ ಸಾಲು ಸೊಟ್ಟಗೆ ಬರುತ್ತದೆ. 12 ಅಡಿ ಅಗಲ 14 ಅಡಿ ಉದ್ದದ ಕೋಣೆಯ ಮೂಲೆಯಿಂದ ಮೂಲೆಗೆ 18 ಅಡಿ ಐದೂಕಾಲು ಇಂಚು ಬರಬೇಕು, ಎರಡು ಮೂಲೆಯಿಂದ ಹಿಡಿದರೂ ಅಷ್ಟೇ ಬರಬೇಕು. ಇಂಚು ಒಂದೂವರೆ ಇಂಚಿನ ವ್ಯತ್ಯಾಸ ಬರುವ ಕೋಣೆಗಳು ಬಹಳ. ಅದಕ್ಕೇ ಗೋಡೆಯನ್ನು ನಂಬದೆ ಕೋಣೆಯ ನಡುವೆ ಸುಣ್ಣದ ದಾರದಿಂದ ಎರಡು ಗೆರೆ ಹೊಡೆಯಿರಿ. ಒಂದು ಗೆರೆಯಲ್ಲಿ 6 ಅಡಿ, ಅಡ್ಡ ಗೆರೆಯಲ್ಲಿ 8 ಅಡಿ ಗುರುತು ಮಾಡಿದರೆ ಆ ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬರಬೇಕು. ಆ ಗೆರೆಗೆ ಒಂದು ಉದ್ದ ಸಾಲು, ಒಂದು ಅಡ್ಡ ಸಾಲು ಟೈಲನ್ನು ಅಂಟಿಲ್ಲದೆ ಇಟ್ಟು, ಬಾಗಿಲಲ್ಲಿ ನಿಂತು ನೋಡಿ. ಕಣ್ಣು ಮೊದಲು ಬೀಳುವುದು ಅಲ್ಲಿಂದ. ಹಾಕುತ್ತಾ ಬರುವ ದಿಕ್ಕೂ ಒಳಗಿನಿಂದ ಬಾಗಿಲ ಕಡೆಗೇ ಇರಬೇಕು, ಇಲ್ಲದಿದ್ದರೆ ಹಸಿ ಟೈಲು ತುಳಿದು ಹೊರಬರಬೇಕಾಗುತ್ತದೆ.

ಅಂಟಿನ ಪುಡಿ, ಅಂಗಡಿಯ ಮಾತಿನಲ್ಲಿ ಅಡೆಸಿವ್, 20 ಕಿಲೋ ಚೀಲದಲ್ಲಿ ಬರುತ್ತದೆ. ಐಎಸ್ 15477 ಎಂಬ ಗುರುತು ಇರಲಿ, ಪೋರ್ಸಲಿನ್ನಿಗೆ ಟೈಪ್ 2 ಅಥವಾ ಅದಕ್ಕೂ ಮೇಲಿನದು ಕೇಳಿ. ಸೆರಾಮಿಕ್ಕಿಗೆಂದು ಮಾಡಿದ ಟೈಪ್ 1 ಅಗ್ಗ ಎಂದು ತರಬೇಡಿ. ಫರಸಿಯ ಮೇಲೆ ಹಾಕುವುದಾದರೆ, ನಾಲ್ಕು ಅಡಿ ಉದ್ದದ ದೊಡ್ಡ ಟೈಲಾದರೆ ಯಾವ ಟೈಪ್ ಎಂಬುದನ್ನು ಚೀಲದ ಮೇಲೆ ಓದಿ ನೋಡಿ. 3 ಮಿ.ಮೀ. ದಪ್ಪಕ್ಕೆ ಒಂದು ಚೀಲ 45 ಚದರ ಅಡಿ ದಾಟುತ್ತದೆ ಎಂದು ಚೀಲ ಹೇಳಬಹುದು. ದೊಡ್ಡ ಟೈಲಿಗೆ ಬೇಕಾಗುವ 5 ಮಿ.ಮೀ.ಗೆ ಹಿಡಿಯುವುದು 30 ಚದರ ಅಡಿ. ನಮ್ಮ 168 ಚದರ ಅಡಿಗೆ 6 ಚೀಲ. ಚೀಲಕ್ಕೆ 5 ಲೀಟರ್ ಆಸುಪಾಸು ನೀರು. ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ. ಗಂಟಿಲ್ಲದಂತೆ ಕಲಸಿ 5 ನಿಮಿಷ ಬಿಡಿ, ಮತ್ತೆ ಕಲಸಿ. ಆ ಐದು ನಿಮಿಷ ಬಿಡುವುದನ್ನು ಅವಸರದಲ್ಲಿ ಮರೆಯುತ್ತಾರೆ. ಒಳಗಿನ ಅಂಟು ಪದಾರ್ಥ ನೀರಿನಲ್ಲಿ ಬಿಚ್ಚಿಕೊಳ್ಳುವುದು ಆಗಲೇ. ಹದ ಹೇಗಿರಬೇಕೆಂದರೆ ಕರಣೆಯಿಂದ ಗೀರಿದ ಸಾಲು ಕುಸಿಯದೆ ನಿಲ್ಲಬೇಕು, ಜೋಳದ ರೊಟ್ಟಿಯ ಹಿಟ್ಟಿಗಿಂತ ಸಡಿಲ, ಝುಣಕಕ್ಕಿಂತ ಮೆತ್ತಗೆ. ಬೋರ್‌ವೆಲ್ಲಿನ ಸವಳು ನೀರು ಬೇಡ, ಅದರ ಉಪ್ಪು ಸಂದಿಯಲ್ಲಿ ಬಿಳಿ ಬೂದಿಯಾಗಿ ಎದ್ದುಬರುತ್ತದೆ. ನಳದ ಸಿಹಿ ನೀರು ಬಳಸಿ.

ಈಗ ಬಿಸಿಲಿನ ವಿಷಯ. ಅಂಟನ್ನು ನೆಲಕ್ಕೆ ಹರಡಿದ ಮೇಲೆ ಟೈಲು ಇಡಲು ಸುಮಾರು 20 ನಿಮಿಷ ಸಮಯವಿದೆ ಎಂದು ಚೀಲದ ಮೇಲೆ ಬರೆದಿರುತ್ತದೆ. ಅದು ತಂಪು ಕೋಣೆಯ ಲೆಕ್ಕ. ಏಪ್ರಿಲ್-ಮೇ ತಿಂಗಳ ಕಲಬುರಗಿಯಲ್ಲಿ, ಮೇಲೆ ಫ್ಯಾನ್ ಬೇರೆ ತಿರುಗುತ್ತಿದ್ದರೆ, 8–10 ನಿಮಿಷದಲ್ಲೇ ಅಂಟಿನ ಮೇಲೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ಹಾಲಿನ ಹಾಗೆಯೇ: ಒಳಗೆ ಹಸಿ, ಮೇಲೆ ಒಣ ಪೊರೆ. ಅದರ ಮೇಲೆ ಟೈಲು ಇಟ್ಟರೆ ನೋಡಲು ಕೂತಂತೆ ಕಾಣುತ್ತದೆ, ಆದರೆ ಹಿಡಿದಿರುವುದಿಲ್ಲ. ಪರೀಕ್ಷೆ ಸುಲಭ. ಗೀರಿದ ಅಂಟಿನ ಏಣನ್ನು ಬೆರಳ ತುದಿಯಿಂದ ಮುಟ್ಟಿ. ಬೆರಳಿಗೆ ಅಂಟು ಮೆತ್ತಿಕೊಂಡರೆ ಟೈಲು ಇಡಿ. ಬೆರಳು ಸ್ವಚ್ಛವಾಗಿ ಬಂದರೆ ಅಷ್ಟನ್ನೂ ಕೆರೆದು ತೆಗೆದು ಬಿಸಾಡಿ. ನೀರು ಚಿಮುಕಿಸಿ ಮತ್ತೆ ಜೀವ ತರಿಸುವ ಪ್ರಯತ್ನ ಬೇಡವೇ ಬೇಡ. ಬಕೆಟ್ಟಿನಲ್ಲಿ ಬಿಗಿಯಾದ ಅಂಟಿಗೂ ಇದೇ ಮಾತು. ಹೊಸಬರು ಒಮ್ಮೆಗೆ 5 ಕಿಲೋ ಪುಡಿಗೆ ಒಂದೂಕಾಲು ಲೀಟರ್ ನೀರು ಕಲಸಿದರೆ ಸಾಕು, ಅದು ಎರಡು ಟೈಲಿಗೆ ಬರುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ, ಹಿಂದಿನ ರಾತ್ರಿಯೇ ಕೊಡಗಳಲ್ಲಿ ಹಿಡಿದು ನೆರಳಿಗಿಡಿ. ಚೀಲಗಳನ್ನೂ ಟೈಲ್ಸನ್ನೂ ಅಂಗಳದ ಬಿಸಿಲಿನಲ್ಲಿ ಇಡಬೇಡಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಂಪು ಮಾಡಿ, ನೀರು ನಿಲ್ಲಬಾರದು. ಬೆಳಗಿನ ಆರರಿಂದ ಹನ್ನೊಂದು ಕೆಲಸದ ಹೊತ್ತು, ಕಿಟಕಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿದ್ದರೆ ಪರದೆ ಕಟ್ಟಿ. ಸಾಧ್ಯವಿದ್ದವರು ಈ ಕೆಲಸವನ್ನು ದೀಪಾವಳಿಯಿಂದ ಶಿವರಾತ್ರಿಯೊಳಗೆ ಮುಗಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು.

ಟೈಲಿನ ಬೆನ್ನನ್ನು ಹತ್ತಿರದಿಂದ ನೋಡಿ. ಚೌಕಳಿ ಏಣುಗಳ ಮೇಲೆ ಬಿಳಿ ಪುಡಿ ಇರುತ್ತದೆ, ಉಗುರಿನಿಂದ ಗೀರಿದರೆ ಉದುರುತ್ತದೆ. ಭಟ್ಟಿಯ ಉರುಳೆಗಳಿಗೆ ಟೈಲು ಅಂಟದಿರಲೆಂದು ಕಾರ್ಖಾನೆಯಲ್ಲಿ ಬಳಿದದ್ದು ಅದು. ಅಲ್ಲಿ ಅಂಟಬಾರದೆಂದು ಹಚ್ಚಿದ್ದು ಇಲ್ಲಿಯೂ ಅಂಟಲು ಬಿಡುವುದಿಲ್ಲ. ಒದ್ದೆ ಸ್ಪಂಜಿನಿಂದ ಒರೆಸಿ, ಒಣಗಲು ಬಿಟ್ಟು, ಆಮೇಲೆ ಕರಣೆಯ ನೇರ ಅಂಚಿನಿಂದ ಬೆನ್ನಿಗೆಲ್ಲ ತೆಳ್ಳಗೆ ಅಂಟು ಒತ್ತಿ ಬಳಿಯಿರಿ. ನೆಲಕ್ಕೆ 10 ಮಿ.ಮೀ. ಹಲ್ಲಿನ ಕರಣೆಯಿಂದ ಅಂಟನ್ನು ಗೀರಿ. ಗೀರುಗಳು ಕೂರಿಗೆ ಹಾಕಿದ ಹೊಲದ ಹಾಗೆ ಒಂದೇ ದಿಕ್ಕಿಗೆ ನೇರ ಇರಬೇಕು. ಸುತ್ತು ಸುತ್ತಾಗಿ ಗೀರಿದರೆ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ಪೊಳ್ಳಾಗುತ್ತದೆ. ಟೈಲು ಇಟ್ಟ ಮೇಲೆ ಗೀರಿಗೆ ಅಡ್ಡಲಾಗಿ ಅರ್ಧ ಇಂಚು ಹಿಂದೆ ಮುಂದೆ ಜರುಗಿಸಿ ಒತ್ತಿದರೆ ಏಣುಗಳು ಮಡಚಿ ತಗ್ಗು ತುಂಬುತ್ತವೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಟೈಲು ಕೂಡಿಸುವ ಪದ್ಧತಿಯನ್ನು ಪೂರ್ತಿ ಬಿಡಬೇಕು. ಉಂಡೆಗಳ ನಡುವಿನ ಖಾಲಿ ಜಾಗದ ಮೇಲೆ ಸ್ಟೀಲ್ ಬಿಂದಿಗೆ ಬಿದ್ದ ದಿನ ಟೈಲು ಒಡೆಯುತ್ತದೆ.

ಮೊದಲ ಎರಡು ಟೈಲು ಹಾಕಿದ ಕೂಡಲೇ ಒಂದನ್ನು ಎತ್ತಿ ತಿರುಗಿಸಿ ನೋಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ಎತ್ತಿ. ಬೆನ್ನಿನ ನೂರಕ್ಕೆ 80 ಪಾಲಾದರೂ ಅಂಟು ಮೆತ್ತಿರಬೇಕು, ಬಚ್ಚಲಿನಲ್ಲಿ, ಹೊರಗಿನ ಕಟ್ಟೆಯಲ್ಲಿ 95. ಏಣುಗಳು ಹಾಗೇ ಉಳಿದಿದ್ದರೆ ಅಂಟು ಕಡಿಮೆಯಾಗಿದೆ, ಇಲ್ಲವೇ ಕೆನೆ ಕಟ್ಟಿದೆ. ಪ್ರತಿ ಹತ್ತು ಟೈಲಿಗೆ ಒಮ್ಮೆ ಹೀಗೆ ಎತ್ತಿ ನೋಡುವವರ ನೆಲ ಕೆಡುವುದು ಅಪರೂಪ.

ಸಂದಿ ಬಿಡುವ ವಿಷಯದಲ್ಲಿ ಮನೆಯವರೇ ಅಡ್ಡ ಬರುತ್ತಾರೆ. ಸಂದಿ ಬಿಟ್ಟರೆ ಹೊಲಸು ಕೂಡುತ್ತದೆ, ಟೈಲಿಗೆ ಟೈಲು ತಾಗಿಸಿ ಹಾಕಿ ಎಂದು ಹಟ ಹಿಡಿಯುತ್ತಾರೆ. ನೆಲ ಡೇರೆಯಂತೆ ಎದ್ದು ನಿಲ್ಲಲು ಇದೇ ದೊಡ್ಡ ಕಾರಣ. ಕೆಳಗಿನ ಕಾಂಕ್ರೀಟು ವರ್ಷಗಟ್ಟಲೆ ನಿಧಾನಕ್ಕೆ ಕುಗ್ಗುತ್ತಿರುತ್ತದೆ, ಮೇಲಿನ ಟೈಲು ಬೇಸಿಗೆಯಲ್ಲಿ ಹಿಗ್ಗುತ್ತದೆ. 10 ಮೀಟರ್ ಉದ್ದದ ಪೋರ್ಸಲಿನ್ ನೆಲ 45 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಮೂರು ಮಿ.ಮೀ. ಏನು ಮಹಾ ಎನ್ನಿಸಬಹುದು. ಆದರೆ ಎದುರುಬದುರು ಕೂತ ಎರಡು 600 ಮಿ.ಮೀ. ಟೈಲುಗಳಿಗೆ ಇರುವ ಜಾಗ ಒಂದೇ ಒಂದು ಮಿ.ಮೀ. ಕಡಿಮೆಯಾದರೆ ಅವು ತಲೆ ಕೂಡಿಸಿ ಎದ್ದು ನಿಲ್ಲುವ ಎತ್ತರ 24 ಮಿ.ಮೀ., ಸುಮಾರು ಒಂದು ಇಂಚು. ಶಾಲೆಯ ತ್ರಿಕೋನದ ಲೆಕ್ಕ ಇದು, ಯಾರು ಬೇಕಾದರೂ ಮಾಡಿ ನೋಡಬಹುದು. ಹಾಗಾಗಿ ಟೈಲುಗಳ ನಡುವೆ ಸ್ಪೇಸರ್ ಎಂಬ ಸಣ್ಣ ಪ್ಲಾಸ್ಟಿಕ್ ತುಂಡು ಇಟ್ಟು ಕಡಿಮೆಯೆಂದರೆ 2 ಮಿ.ಮೀ., 3 ಆದರೆ ಇನ್ನೂ ಒಳ್ಳೆಯದು. ಗೋಡೆಯ ಸುತ್ತಲೂ 8 ಮಿ.ಮೀ. ಖಾಲಿ. ಇದು ಸ್ಕರ್ಟಿಂಗ್ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ಉಳಿದ ಗಾರೆಯನ್ನು ಆ ಸಂದಿಗೆ ತುರುಕುವ ಅಭ್ಯಾಸ ನಮ್ಮಲ್ಲಿದೆ. ತುರುಕಿದರೆ ಸಂದಿ ಬಿಟ್ಟೂ ಬಿಡದ ಹಾಗಾಯಿತು. ಥರ್ಮೊಕೋಲ್ ಪಟ್ಟಿ ಇಟ್ಟು ಕೆಲಸ ಮುಗಿದ ಮೇಲೆ ಕಿತ್ತರೆ ಸಂದಿ ಸ್ವಚ್ಛ ಉಳಿಯುತ್ತದೆ. ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಅಂಟಿಸಿ, ಅದರ ಅಡಿಯ ಗೆರೆಗೆ ಸಿಮೆಂಟ್ ಬದಲು ಸಿಲಿಕೋನ್ ತುಂಬಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಟೈಲು ಹರಿದು ಹೋಗುವ ಬಾಗಿಲಡಿಯಲ್ಲೂ ಒಂದು ಸಿಲಿಕೋನ್ ಸಂದಿ ಇರಲಿ. ದೊಡ್ಡ ಹಾಲಿನಲ್ಲಿ 20–25 ಅಡಿಗೊಂದು, ಬಿಸಿಲು ಬೀಳುವ ಮಾಳಿಗೆಯ ಮೇಲಾದರೆ 8ರಿಂದ 12 ಅಡಿಗೊಂದು ಇಂಥ ಸಂದಿ ಬೇಕೇ ಬೇಕು.

ಟೈಲಿನ ಅಂಚು ಏರುಪೇರಾಗದಿರಲು ಪ್ಲಾಸ್ಟಿಕ್ಕಿನ ಲೆವೆಲಿಂಗ್ ಕ್ಲಿಪ್ಪು, ಬೆಣೆಗಳು ಈಗ ಎಲ್ಲ ಕಡೆ ಸಿಗುತ್ತವೆ. ಹೊಸಬರು ಅವನ್ನು ಬಳಸಲಿ. ಆದರೆ ಕ್ಲಿಪ್ಪು ಟೈಲನ್ನು ಸಮ ಮಾಡುತ್ತದೆ, ಕೆಳಗಿನ ಪೊಳ್ಳನ್ನು ತುಂಬುವುದಿಲ್ಲ. ಬೆಣೆಯನ್ನು ಅತಿಯಾಗಿ ಬಿಗಿದರೆ ಟೈಲು ಅಂಟಿನಿಂದ ಮೇಲೆದ್ದು ಅಡಿಯಲ್ಲಿ ಹೊಸ ಪೊಳ್ಳೇ ಆಗುತ್ತದೆ. ನಾಲ್ಕು ಅಡಿ ಉದ್ದದ ಟೈಲು ನಡುವೆ ತುಸು ಬಿಲ್ಲಿನಂತೆ ಬಾಗಿರುವುದು ಸಾಮಾನ್ಯ. ಅದನ್ನು ಇಟ್ಟಿಗೆ ಸಾಲಿನಂತೆ ಅರ್ಧಕ್ಕೆ ಜೋಡಿಸಿದರೆ ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಬಂದು ಕಾಲಿಗೆ ಎಡವುತ್ತದೆ, ಮೂರನೇ ಒಂದು ಭಾಗಕ್ಕೆ ಜೋಡಿಸಿ. ಮೊದಲ ಸಲ ಮಾಡುವವರು ಆ ಗಾತ್ರಕ್ಕೆ ಕೈ ಹಾಕದೆ 600ರದನ್ನೇ ಆರಿಸಿಕೊಳ್ಳುವುದು ವಾಸಿ.

ಕತ್ತರಿಸಲು ನೇರ ಗೆರೆಗೆ ಕೈಕಟರ್, ಕಂಬ-ಮೂಲೆಗೆ ಡೈಮಂಡ್ ಬ್ಲೇಡಿನ ಕಟರ್ ಮಷೀನು. ಒಣ ಕತ್ತರಿಯ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಪುಪ್ಪುಸಕ್ಕೆ ಹೋದರೆ ತಿರುಗಿ ಬರುವುದಿಲ್ಲ. ಟವೆಲು ಕಟ್ಟಿಕೊಂಡರೆ ಅದು ನಿಲ್ಲದು, ಎನ್-95 ಮಾಸ್ಕು ಮತ್ತು ಕನ್ನಡಕ ಹಾಕಿ. ನೀರು ಬಿಡುತ್ತಾ ಕತ್ತರಿಸುವಾಗ ವೈರಿನ ಜೋಡಣೆ ನೆಲದ ಮೇಲೆ ಇರಬಾರದು, ಮನೆಯ ಬೋರ್ಡಿನಲ್ಲಿ ಶಾಕ್ ತಗುಲುವ ಹೊತ್ತಿಗೆ ಕರೆಂಟು ಕಡಿಯುವ ಇಎಲ್‌ಸಿಬಿ ಇಲ್ಲದಿದ್ದರೆ ನೀರಿನೊಂದಿಗೆ ಆ ಮಷೀನು ಹಿಡಿಯಲೇಬೇಡಿ.

ಟೈಲು ಹಾಕಿದ 24 ತಾಸಿನ ಮೇಲೆ ಕ್ಲಿಪ್ಪುಗಳನ್ನು ಸಂದಿಯ ದಿಕ್ಕಿಗೆ ಒದ್ದು ಮುರಿದು, ಸಂದಿಯನ್ನು ಚೊಕ್ಕ ಮಾಡಿ ಗ್ರೌಟ್, ಅಂದರೆ ಸಂದಿ ಮುಚ್ಚುವ ಬಣ್ಣದ ಗಾರೆ, ತುಂಬಿ. ಈ ಕೋಣೆಗೆ 2 ಮಿ.ಮೀ. ಸಂದಿಯಾದರೆ ಒಂದೂವರೆ ಕಿಲೋ ಹಿಡಿಯುತ್ತದೆ, 2 ಕಿಲೋ ತನ್ನಿ. ರಬ್ಬರ್ ಪಟ್ಟಿಯಿಂದ ಓರೆಯಾಗಿ ಒತ್ತಿ, ಸ್ವಲ್ಪ ಬಿಗಿದ ಮೇಲೆ ಹಿಂಡಿದ ಸ್ಪಂಜಿನಿಂದ ಒರೆಸಿ. ನೀರು ಸೋರುವ ಸ್ಪಂಜು ಬಣ್ಣವನ್ನೆಲ್ಲ ತೊಳೆದುಬಿಡುತ್ತದೆ. ಅಡುಗೆಮನೆಗೆ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಅರಿಸಿನ, ಎಣ್ಣೆ, ಖಾರದ ಕಲೆ ಹಿಡಿಯದು. ಸಂದಿಯಲ್ಲಿ ಹೊಲಸು ಕೂಡುತ್ತದೆ ಎನ್ನುವವರಿಗೆ ಉತ್ತರವೂ ಇದೇ. ಕೆಲಸ ಮುಗಿದ ಮರುದಿನ ಆಸಿಡ್ ಸುರಿದು ನೆಲ ತೊಳೆಯುವ ಪದ್ಧತಿ ನಿಲ್ಲಬೇಕು, ಅದು ಹಸಿ ಗ್ರೌಟಿನ ಸಿಮೆಂಟನ್ನೇ ತಿನ್ನುತ್ತದೆ. ಅಲ್ಮಾರಿ, ಮಂಚ ಒಳಗೆ ತರಲು 7 ದಿನ ತಡೆಯಿರಿ. ಬಚ್ಚಲು ಮತ್ತು ಮೆಟ್ಟಿಲು ಮಾತ್ರ ತಿಳಿದವರಿಗೇ ಬಿಡಿ. ಅಲ್ಲಿ ನೀರು ತಡೆಯುವ ಲೇಪನ, ನೀರು ಹರಿದುಹೋಗುವಷ್ಟು ಇಳಿಜಾರು, ಜಾರದ ಟೈಲು ಎಲ್ಲವೂ ಕೂಡಿ ಬರಬೇಕು.

ಈಗಾಗಲೇ ಎದ್ದಿರುವ ನೆಲದವರಿಗೆ ಎರಡು ಮಾತು. ಎದ್ದ ಸಾಲನ್ನು ಮತ್ತೆ ಬಡಿದು ಕೂಡಿಸಿ ಮೇಲೆ ಬಿಳಿ ಸಿಮೆಂಟ್ ಬಳಿದರೆ ಮುಂದಿನ ಬೇಸಿಗೆಗೆ ಪಕ್ಕದ ಸಾಲು ಏಳುತ್ತದೆ. ಮೊದಲು ಒಂದು ನಾಣ್ಯದಿಂದ ಇಡೀ ಕೋಣೆಯನ್ನು ತಟ್ಟಿ, ಪೊಳ್ಳು ಸದ್ದು ಬಂದ ಟೈಲುಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಗೋಡೆಯ ಸುತ್ತ ಸ್ಕರ್ಟಿಂಗ್ ತೆಗೆದು, ಕಟರಿನಿಂದ 8 ಮಿ.ಮೀ. ಸಂದಿ ಕೊರೆದು ನೆಲಕ್ಕೆ ಉಸಿರಾಡಲು ಜಾಗ ಕೊಡಿ. ಎದ್ದ ಟೈಲುಗಳ ಕೆಳಗಿನ ಹಳೆಯ ಗಾರೆಯನ್ನು 5 ಮಿ.ಮೀ. ತಗ್ಗುವಂತೆ ಕೆತ್ತಿ, ಧೂಳು ಒರೆಸಿ, ಅಡೆಸಿವ್ ಹಾಕಿ ಸಂದಿ ಬಿಟ್ಟು ಮತ್ತೆ ಕೂಡಿಸಿ. ಗುರುತು ಹಾಕಿದ ಪೊಳ್ಳು ಟೈಲುಗಳು ಓಡಾಟದ ದಾರಿಯಲ್ಲಿದ್ದರೆ ಅವನ್ನೂ ಇದೇ ಸಲ ತೆಗೆಯುವುದು ಒಳಿತು.

ಕೊನೆಯದಾಗಿ ತಮ್ಮ ಪತ್ರಿಕೆಯ ಮೂಲಕ ಎರಡು ವಿನಂತಿ. ಅಡೆಸಿವ್ ಚೀಲದ ಮೇಲಿನ ಸೂಚನೆಗಳು ಹೆಚ್ಚಾಗಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿರುತ್ತವೆ. ಕಲಸುವ ಗೌಂಡಿಗೂ ಹಾಕಿಸುವ ಮನೆಯವರಿಗೂ ಅವು ಮುಟ್ಟುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಟೈಲ್ಸ್ ವ್ಯಾಪಾರಿಗಳು ನೀರಿನ ಅಳತೆ, ಬೇಸಿಗೆಯಲ್ಲಿ ಟೈಲು ಇಡುವ ಸಮಯ, ಹಲ್ಲಿನ ಗಾತ್ರ, ಗೋಡೆಯ ಸಂದಿ ಇಷ್ಟನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದೇ ಹಾಳೆಗೆ ಅಚ್ಚು ಹಾಕಿಸಿ ಬಿಲ್ಲಿನ ಜೊತೆ ಕೊಡಲಿ. ಇನ್ನೊಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ನಮ್ಮ ಜಿಲ್ಲೆಗಳ ಸರ್ಕಾರಿ ಐಟಿಐಗಳಲ್ಲಿ ಫರಸಿ ಕೆಲಸ ಬಲ್ಲ ಗೌಂಡಿಗಳಿಗೆ ಮೂರು ದಿನದ ಪೋರ್ಸಲಿನ್ ತರಬೇತಿ ನಡೆಸಲಿ, ಕೂಲಿ ಕಳೆದುಕೊಳ್ಳುವ ಆ ಮೂರು ದಿನಕ್ಕೆ ಭತ್ಯೆಯನ್ನೂ ಕೊಡಲಿ. ತರಬೇತಿ ಮೇ ತಿಂಗಳಲ್ಲೇ ಇರಲಿ. ಅಂಟಿಗೆ ಕೆನೆ ಕಟ್ಟುವುದನ್ನು ಕಣ್ಣಾರೆ ತೋರಿಸಲು ಅದೇ ಸರಿಯಾದ ತಿಂಗಳು.

ಇಂತಿ,
ಓದುಗ, ಬ್ರಹ್ಮಪುರ, ಕಲಬುರಗಿ